ಪ್ರಬಂಧಕ್ಕೆ ಯಾವ ಪದ? ನಾಲ್ಕು ದಾರಿಗಳ ಹೋಲಿಕೆ

ಕಳೆದ ಮಳೆಗಾಲದಲ್ಲಿ ಎಂ.ಎ. ಓದುವ ಹುಡುಗಿಯೊಬ್ಬಳು ತನ್ನ ಸಂಪ್ರಬಂಧದ ಕರಡು ತಂದುಕೊಟ್ಟಳು. ವಿಷಯ, ನಮ್ಮ ಕರಾವಳಿಯ ಅಳಿಯಕಟ್ಟು. ಮೊದಲ ಪುಟದ ಮೇಲೆ ‘ಮಾತೃಪ್ರಧಾನ ಪದ್ಧತಿ’ ಅಂತಿತ್ತು. ನಾಲ್ಕು ಸಾಲು ಕೆಳಗೆ ಅದೇ ‘ಮಾತೃವಂಶೀಯ ಪದ್ಧತಿ’ ಆಗಿತ್ತು. ಪುಟದ ಕೊನೆಗೆ ‘ಅಳಿಯಕಟ್ಟು’. “ಒಂದೇ ಪದ ಮತ್ತೆ ಮತ್ತೆ ಬಂದರೆ ಚೆಂದ ಇರುವುದಿಲ್ಲ ಅಂತ ಬದಲಾಯಿಸಿ ಬರೆದೆ ಮೇಡಂ. ಮೂರರಲ್ಲಿ ಯಾವುದು ಒಳ್ಳೆಯದು?” ಅಂತ ಕೇಳಿದಳು.

ಮೂರೂ ಬೇರೆ ಬೇರೆ ಮಾತು ಹೇಳುತ್ತವೆ. ‘ಮಾತೃಪ್ರಧಾನ’ ಅಂದರೆ ಅಧಿಕಾರ ಹೆಂಗಸಿನ ಕೈಯಲ್ಲಿದೆ ಅಂತ. ‘ಮಾತೃವಂಶೀಯ’ ಅಂದರೆ ವಂಶವನ್ನು ತಾಯಿಯ ಕಡೆಯಿಂದ ಎಣಿಸುತ್ತಾರೆ ಅಂತ ಮಾತ್ರ. ಅಧಿಕಾರದ ಸುದ್ದಿ ಅದರಲ್ಲಿಲ್ಲ. ‘ಅಳಿಯಕಟ್ಟು’ ಇನ್ನೂ ಸಣ್ಣ ವೃತ್ತ. ಆಸ್ತಿಯ ಹಕ್ಕು ಗಂಡಸಿನ ಸ್ವಂತ ಮಕ್ಕಳಿಗಲ್ಲ, ಅವನ ಅಕ್ಕತಂಗಿಯರ ಮಕ್ಕಳಿಗೆ ಹೋಗುತ್ತಿದ್ದ ಈ ಊರಿನ ಕಟ್ಟು ಅದು. ಅಲ್ಲಿ ವಂಶ ತಾಯಿಯದ್ದೇ. ಆದರೆ ಯಜಮಾನಿಕೆ ಹೆಚ್ಚಾಗಿ ಸೋದರಮಾವನ ಕೈಯಲ್ಲಿರುತ್ತಿತ್ತು. ಯಜಮಾನ್ತಿಯರೂ ಇದ್ದರು, ನಿಜ. ಆದರೂ ‘ಮಾತೃಪ್ರಧಾನ’ ಅಂತ ಬರೆದ ಕೂಡಲೇ ಆಕೆ ತನಗೆ ಗೊತ್ತಿಲ್ಲದೆಯೇ ಒಂದು ದೊಡ್ಡ ವಾದ ಹೂಡಿಬಿಟ್ಟಿದ್ದಳು. ಅದಕ್ಕೆ ಇಡೀ ಸಂಪ್ರಬಂಧದಲ್ಲಿ ಎಲ್ಲೂ ಆಧಾರ ಇರಲಿಲ್ಲ.

ಮಂಗಳೂರು ವಿಶ್ವವಿದ್ಯಾನಿಲಯ ಇರುವ ಕೊಣಾಜೆಯಿಂದ, ಉಡುಪಿಯ ಕಾಲೇಜುಗಳಿಂದ ಬರುವ ಕರಡುಗಳನ್ನು ತಿದ್ದುವಾಗ ಇಂಥದ್ದೇ ಪ್ರಶ್ನೆಗಳು ಬರುತ್ತಿರುತ್ತವೆ. ‘ಪ್ರಭಾವ’ವೋ ‘ಪರಿಣಾಮ’ವೋ? ‘ದತ್ತಾಂಶ’ವೋ ‘ಡೇಟಾ’ವೋ? ‘ಭೂತ’ವೋ ‘ದೈವ’ವೋ? ಕನ್ನಡದಲ್ಲಿ ಬರೆಯುವವರ ಮುಂದೆ ಸಾಮಾನ್ಯವಾಗಿ ನಾಲ್ಕು ದಾರಿ ಇರುತ್ತದೆ. ಸಂಸ್ಕೃತದ ಪದ, ಅಚ್ಚಗನ್ನಡದ ಪದ, ಇಂಗ್ಲಿಷಿನಿಂದ ಬಂದ ಪದ, ಊರಿನ ಪದ. ಯಾವುದನ್ನು ಯಾವಾಗ ಹಿಡಿಯಬೇಕು ಅನ್ನುವುದನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ.

ಮೊದಲು ಅಳತೆಗೋಲು

ಪದದ ಮುಂದೆ ನಾನು ಇಡುವ ಮೊದಲ ಪ್ರಶ್ನೆ ಗಡಿಯದ್ದು. ಈ ಪದದೊಳಗೆ ಏನು ಬರುತ್ತದೆ ಅನ್ನುವುದಕ್ಕಿಂತ ಏನು ಬರುವುದಿಲ್ಲ ಅಂತ ಕೇಳಿಕೊಳ್ಳಿ. ಉತ್ತರ ಸಿಗದಿದ್ದರೆ ಆ ಪದ ನಿಮ್ಮ ಕೈಗೆ ಇನ್ನೂ ಬಂದಿಲ್ಲ. ಎರಡನೆಯದು, ಓದುವವರು ಯಾರು? ಮಂಗಳೂರಿನ ಪ್ರಾಧ್ಯಾಪಕರಿಗೆ ‘ನೇಮ’ (ದೈವಕ್ಕೆ ನಡೆಸುವ ಉತ್ಸವ) ಅಂದರೆ ಸಾಕು. ಧಾರವಾಡದ ಪರೀಕ್ಷಕರಿಗೆ ಸಾಲದು. ಮೂರನೆಯದು, ಪದದೊಳಗೆ ತೀರ್ಪು ಅಡಗಿದೆಯೇ? ‘ನಂಬಿಕೆ’ಗೂ ‘ಮೂಢನಂಬಿಕೆ’ಗೂ ಇರುವ ದೂರ ಅದು. ಇನ್ನೊಂದು, ಪದಕ್ಕೆ ಬಳಗ ಇದೆಯೇ ಅಂತ ನೋಡಬೇಕು. ‘ವಿಶ್ಲೇಷಣೆ’ ತೆಗೆದುಕೊಂಡರೆ ‘ವಿಶ್ಲೇಷಿಸು’, ‘ವಿಶ್ಲೇಷಕ’ ಜೊತೆಗೇ ಬರುತ್ತವೆ. ಐವತ್ತು ಪುಟ ಬರೆಯುವವರಿಗೆ ಇದು ಸಣ್ಣ ಅನುಕೂಲ ಅಲ್ಲ.

ಇವು ಒಂದಕ್ಕೊಂದು ಹೊಂದದೇ ಹೋದಾಗ ನಾನು ಗಡಿಯ ಪರ. ಓದುವವರಿಗೆ ಗೊತ್ತಿಲ್ಲದ ಪದವನ್ನು ಒಂದು ಸಾಲಿನಲ್ಲಿ ವಿವರಿಸಿ ಮುಂದೆ ಹೋಗಬಹುದು. ಗಡಿ ತಪ್ಪಿದ ಪದವನ್ನು ಎಷ್ಟು ವಿವರಿಸಿದರೂ ಅದು ಸರಿಯಾಗುವುದಿಲ್ಲ.

ಸಂಸ್ಕೃತದ ಪದ

ಶೈಕ್ಷಣಿಕ ಬರವಣಿಗೆಯಲ್ಲಿ ಇದೇ ಹೆದ್ದಾರಿ. ಪಠ್ಯಪುಸ್ತಕದ ಪದಗಳು ಹೆಚ್ಚಾಗಿ ಇಲ್ಲಿಂದಲೇ ಬಂದಿವೆ. ಬೀದರಿನಿಂದ ಕಾಸರಗೋಡಿನವರೆಗೆ ಓದಿದವರಿಗೆ ಅರ್ಥವಾಗುತ್ತವೆ. ಬಳಗ ದೊಡ್ಡದು. ತೀರ್ಪೂ ಕಡಿಮೆ. ಅಪಾಯ ಇರುವುದು ಗಡಿಯಲ್ಲಿ. ಹತ್ತಿರ ಹತ್ತಿರದ ಎರಡು ಪದಗಳಲ್ಲಿ ಯಾವುದು ಗಂಭೀರವಾಗಿ ಕೇಳಿಸುತ್ತದೋ ಅದನ್ನು ಎತ್ತಿಕೊಳ್ಳುವ ಅಭ್ಯಾಸ ನಮ್ಮ ವಿದ್ಯಾರ್ಥಿಗಳಲ್ಲಿ ಜಾಸ್ತಿ.

‘ಪರಿಣಾಮ’ ಮತ್ತು ‘ಪ್ರಭಾವ’ ನೋಡಿ. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಶುರುಮಾಡಿತು. ಇದರ ಬಗ್ಗೆ ಬರೆಯುವಾಗ ‘ಕಾರ್ಖಾನೆಯ ಪರಿಣಾಮವಾಗಿ ಮುಳಿಹುಲ್ಲಿನ ಮಾಡು ಕಡಿಮೆಯಾಯಿತು’ ಅಂದರೆ ಒಂದು ಆಗಿದ್ದರಿಂದಲೇ ಇನ್ನೊಂದು ಆಯಿತು ಅಂತ ಹೇಳಿದ ಹಾಗೆ. ಅದಕ್ಕೆ ಪುರಾವೆ ಬೇಕು. ಹೆಂಚಿನ ಬೆಲೆ, ಯಾರು ಕೊಂಡರು, ಯಾವಾಗ ಕೊಂಡರು, ಎಲ್ಲ ಬೇಕು. ‘ಮನೆ ಕಟ್ಟುವ ರೀತಿಯ ಮೇಲೆ ಕಾರ್ಖಾನೆಯ ಪ್ರಭಾವ ಇತ್ತು’ ಅಂದರೆ ಹಲವು ಕಾರಣಗಳಲ್ಲಿ ಇದೂ ಒಂದು. ಕಡಿಮೆ ಹೇಳುವ ವಾಕ್ಯ ಇದು, ನಿಲ್ಲಿಸಿಕೊಳ್ಳುವುದೂ ಸುಲಭ. ‘ಫಲಿತಾಂಶ’ ಇವೆರಡೂ ಅಲ್ಲ. ಅಳೆದು, ಲೆಕ್ಕ ಹಾಕಿ ಕೊನೆಗೆ ಸಿಕ್ಕಿದ್ದಕ್ಕೆ ಆ ಪದ.

‘ಸಾಕ್ಷಿ’, ‘ಪುರಾವೆ’, ‘ಆಧಾರ’, ‘ನಿದರ್ಶನ’ ಕೂಡ ಇದೇ ತರಹ ಬೆರೆತುಹೋಗುತ್ತವೆ. (ಪುರಾವೆ ಮರಾಠಿಯ ಕಡೆಯಿಂದ ಬಂದ ಪದ. ಬರೆಯುವಾಗ ಮಾತ್ರ ಈ ಗುಂಪಿನಲ್ಲೇ ಓಡಾಡುತ್ತದೆ.) ನಿದರ್ಶನ ಅಂದರೆ ಮಾತು ಅರ್ಥವಾಗಲಿ ಅಂತ ಕೊಡುವ ಉದಾಹರಣೆ. ಅದು ಏನನ್ನೂ ಸಾಬೀತು ಮಾಡುವುದಿಲ್ಲ. ಒಂದು ಮನೆಯ ಕಥೆ ಹೇಳಿ ‘ಇದು ಪುರಾವೆ’ ಅಂತ ಬರೆದರೆ ಪರೀಕ್ಷಕರು ಅಲ್ಲೇ ಕೆಂಪು ಗೆರೆ ಎಳೆಯುತ್ತಾರೆ. ‘ಇದು ಒಂದು ನಿದರ್ಶನ’ ಅಂದರೆ ಯಾರೂ ತಕರಾರು ಮಾಡುವುದಿಲ್ಲ.

ಇನ್ನು ‘ಅನನ್ಯತೆ’. ನಮ್ಮ ವಿಮರ್ಶೆಯಲ್ಲಿ ಇದನ್ನು ಐಡೆಂಟಿಟಿ ಅನ್ನುವ ಅರ್ಥದಲ್ಲೂ ಬಳಸುತ್ತಾರೆ, ಬೇರೆಲ್ಲೂ ಇಲ್ಲದ್ದು ಅನ್ನುವ ಅರ್ಥದಲ್ಲೂ ಬಳಸುತ್ತಾರೆ. ‘ತುಳುವರ ಅನನ್ಯತೆ’ ಅಂತ ಬರೆದರೆ ಎರಡರಲ್ಲಿ ಯಾವುದು? ಮೊದಲನೆಯದಾದರೆ ‘ಅಸ್ಮಿತೆ’ ಅಥವಾ ‘ಗುರುತು’ ಅಂತ ಬರೆಯಿರಿ. ಎರಡನೆಯದಾದರೆ ‘ಇಲ್ಲಿ ಮಾತ್ರ ಇರುವುದು’ ಅಂತ ಬಿಡಿಸಿ ಹೇಳಿ. ಆಗ ನಿಜವಾಗಿಯೂ ಇಲ್ಲಿ ಮಾತ್ರ ಇದೆಯೇ ಅಂತ ಹುಡುಕಬೇಕಾಗುತ್ತದೆ. ಹುಡುಕಿಸುವ ಪದ ಒಳ್ಳೆಯ ಪದ ಅಲ್ವಾ?

ಅಚ್ಚಗನ್ನಡದ ಪದ

‘ಒಡೆತನ’, ‘ಬಡತನ’, ‘ಅರಿವು’, ‘ತಿಳಿವಳಿಕೆ’, ‘ಬೆಲೆ’, ‘ಕಟ್ಟಲೆ’. ಇವನ್ನು ಪ್ರಬಂಧಕ್ಕೆ ಹಗುರ ಅಂತ ಬಿಡುವವರಿದ್ದಾರೆ. ಅದು ತಪ್ಪು. ‘ಒಡೆತನ’ದಷ್ಟು ಖಚಿತ ಪದ ಕಡಿಮೆ. ಜಾಗ ಯಾರ ವಶದಲ್ಲಿದೆ ಅನ್ನುವುದು ಬೇರೆ, ಒಡೆತನ ಯಾರದ್ದು ಅನ್ನುವುದು ಬೇರೆ. ಭೂಮಿಯ ಬಗ್ಗೆ ಬರೆಯುವಾಗ ಈ ಎರಡು ಪದ ಸರಿಯಾಗಿ ಇಟ್ಟುಕೊಂಡರೆ ಅರ್ಧ ಗೊಂದಲ ಕಳೆಯುತ್ತದೆ. ‘ಬೆಲೆ’ ಮತ್ತು ‘ಮೌಲ್ಯ’ ಕೂಡ ಹಾಗೆಯೇ. ಬೂತಾಯಿ ಮೀನಿಗೆ ಮಾರ್ಕೆಟಿನಲ್ಲಿ ಇರುವುದು ಬೆಲೆ. ಕರಾವಳಿಯ ಊಟದಲ್ಲಿ ಅದಕ್ಕಿರುವುದು ಮೌಲ್ಯ. ಬೆಲೆ ಇಳಿದರೂ ಮೌಲ್ಯ ಇಳಿಯದೆ ಇರಬಹುದು.

ಇಲ್ಲಿ ಬಿಟ್ಟುಕೊಡಬೇಕಾದದ್ದು ಬಳಗವನ್ನು. ‘ಅರಿವು’ ಚೆಂದದ ಪದ. ಆದರೆ ಅದರಿಂದ ವಿಶೇಷಣ ಮಾಡಲು ಹೋದರೆ ಕಷ್ಟ, ಆಗ ‘ಪ್ರಜ್ಞಾಪೂರ್ವಕ’ದ ಕಡೆಗೇ ತಿರುಗಬೇಕಾಗುತ್ತದೆ. ಹೊಸದಾಗಿ ಕಟ್ಟಿದ ಅಚ್ಚಗನ್ನಡದ ಪದಗಳಲ್ಲಿ ಇನ್ನೊಂದು ತೊಂದರೆ ಇದೆ. ‘ಮಿಂಚಂಚೆ’ ಅಂದರೆ ಇ-ಮೇಲ್ ಅಂತ ಈಗ ಹಲವರಿಗೆ ಗೊತ್ತು. ಎಲ್ಲ ಹೊಸ ಪದಗಳಿಗೂ ಆ ಅದೃಷ್ಟ ಇರುವುದಿಲ್ಲ. ನೀವೇ ಕಟ್ಟಿದ ಪದವಾದರೆ ಮೊದಲ ಸಲ ಬರುವಾಗಲೇ ಅರ್ಥ ಕೊಡಿ, ಒಂದು ಪ್ರಬಂಧಕ್ಕೆ ಎರಡು ಮೂರಕ್ಕಿಂತ ಜಾಸ್ತಿ ಬೇಡ.

ಇಂಗ್ಲಿಷಿನಿಂದ ಬಂದ ಪದ

ವಸ್ತುಗಳ ಹೆಸರಿಗೆ ಇದು ಒಳ್ಳೆಯದು, ವಿಚಾರಕ್ಕೆ ಅಷ್ಟು ಒಳ್ಳೆಯದಲ್ಲ. ಮಲ್ಪೆಯ ಬಂದರಿನ ಬಗ್ಗೆ ಬರೆಯುವಾಗ ‘ದೋಣಿ’ ಅಂದರೆ ಯಾವುದು? ಬಲೆ ಎಳೆದುಕೊಂಡು ಹೋಗುವ ಟ್ರಾಲ್ ಬೋಟು, ಮೀನಿನ ಗುಂಪಿಗೆ ಬಲೆ ಸುತ್ತುವ ಪರ್ಸೀನ್ ಬೋಟು, ನಾಡದೋಣಿ ಮೂರಕ್ಕೂ ಬಲೆ ಬೇರೆ, ಬಂಡವಾಳ ಬೇರೆ, ಕಾನೂನೂ ಬೇರೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಇರುವ ನಿಷೇಧ ಯಾಂತ್ರೀಕೃತ ಬೋಟುಗಳಿಗೆ. ಆಗಲೂ ನಾಡದೋಣಿಗಳು ಕಡಲಿಗೆ ಇಳಿಯುತ್ತವೆ. ‘ಮಳೆಗಾಲದಲ್ಲಿ ಮೀನುಗಾರಿಕೆ ನಿಷೇಧ’ ಅಂತ ಸುಮ್ನೆ ಬರೆದರೆ ನಾಡದೋಣಿಯವರನ್ನು ಪ್ರಬಂಧದಿಂದಲೇ ಅಳಿಸಿಹಾಕಿದ ಹಾಗೆ. ಇಲ್ಲಿ ಬಂದರಿನವರು ಆಡುವ ಪದವೇ ಖಚಿತ.

‘ಇಂಪ್ಯಾಕ್ಟ್’, ‘ಫ್ಯಾಕ್ಟರ್’, ‘ಸಿಸ್ಟಮ್’ ಬೇರೆ ಕಥೆ. ಏನು ಹೇಳಬೇಕು ಅಂತ ತೀರ್ಮಾನ ಆಗದೆ ಇರುವಾಗ ಇವು ಬರುತ್ತವೆ. ‘ಇಂಪ್ಯಾಕ್ಟ್’ ತೆಗೆದು ಅಲ್ಲಿ ಪ್ರಭಾವ, ಪರಿಣಾಮ, ಪೆಟ್ಟು ಮೂರನ್ನೂ ಇಟ್ಟು ನೋಡಿ. ಯಾವುದು ಕೂರುತ್ತದೋ ಅದೇ ನಿಮ್ಮ ವಾದ. ‘ಡೇಟಾ’ಕ್ಕೆ ‘ಮಾಹಿತಿ’ ಅಂತ ಬರೆಯಬೇಡಿ, ‘ದತ್ತಾಂಶ’ ಅನ್ನಿ. ಮನೆಮನೆಗೆ ಹೋಗಿ ಬರೆದುಕೊಂಡ ಅಂಕಿಗಳು ದತ್ತಾಂಶ. ಅದರಿಂದ ತಿಳಿದದ್ದು ಮಾಹಿತಿ. ಅಂಕಿಅಂಶದ ‘ಸಿಗ್ನಿಫಿಕಂಟ್’ ಅನ್ನು ಅನುವಾದದ ಆ್ಯಪ್‌ಗಳು ‘ಗಮನಾರ್ಹ’ ಅಂತ ಕೊಡುತ್ತವೆ. ಓದಿದವರಿಗೆ ‘ದೊಡ್ಡ ವ್ಯತ್ಯಾಸ’ ಅಂತ ಅನಿಸುತ್ತದೆ. ಲೆಕ್ಕದಲ್ಲಿ ಅದರ ಅರ್ಥ ಬೇರೆ. ಈ ವ್ಯತ್ಯಾಸ ಬರೀ ಆಕಸ್ಮಿಕವಾಗಿ ಬಂದಿರುವ ಸಂಭವ ಕಡಿಮೆ ಅಂತ. ವ್ಯತ್ಯಾಸ ತೀರ ಚಿಕ್ಕದೂ ಇರಬಹುದು. ಇಂಥ ಕಡೆ ಒಂದು ಪದ ಹುಡುಕುವ ಬದಲು ಒಂದು ವಾಕ್ಯ ಬರೆಯುವುದೇ ವಾಸಿ.

ಊರಿನ ಪದ

ನನಗೆ ಹೆಚ್ಚು ಪ್ರೀತಿ ಇದರ ಮೇಲೆ. ಹೆಚ್ಚು ಎಚ್ಚರ ಬೇಕಾದದ್ದೂ ಇಲ್ಲೇ.

ಭೂಸುಧಾರಣೆಯ ಬಗ್ಗೆ ಬರುವ ಪ್ರಬಂಧಗಳಲ್ಲಿ ‘ಗುತ್ತಿಗೆ’, ‘ಬಾಡಿಗೆ’, ‘ಲೀಸ್’ ಅಂತ ಇರುತ್ತದೆ. ಇಲ್ಲಿ ಇದ್ದದ್ದು ಗೇಣಿ. ಅದರಲ್ಲೂ ಮೂಲಗೇಣಿ ಬೇರೆ, ಚಾಲಗೇಣಿ ಬೇರೆ. ಮೂಲಗೇಣಿಯ ಒಕ್ಕಲಿಗೆ ಹಕ್ಕು ಕಾಯಂ, ತಲೆಮಾರಿನಿಂದ ತಲೆಮಾರಿಗೆ ಬರುವಂಥದ್ದು. ಚಾಲಗೇಣಿಗೆ ಹಾಗೆ ಗಟ್ಟಿ ನೆಲೆ ಇರಲಿಲ್ಲ. ಧಣಿ ಬಿಡಿಸಿದರೆ ಬಿಡಬೇಕಾದೀತು ಅನ್ನುವ ಭಯ ಅವರಿಗೆ. 1974ರ ಮಾರ್ಚ್ 1ರಿಂದ ಗೇಣಿ ಜಮೀನು ಸರ್ಕಾರಕ್ಕೆ ಸೇರಿ, ಉಳುವವರು ಭೂ ನ್ಯಾಯಮಂಡಳಿಗೆ ಅರ್ಜಿ ಹಾಕಿದಾಗ, ಈ ಎರಡು ಬಗೆಯ ಒಕ್ಕಲು ಒಂದೇ ಜಾಗದಲ್ಲಿ ನಿಂತಿರಲಿಲ್ಲ. ಎರಡನ್ನೂ ‘ಗುತ್ತಿಗೆದಾರ’ ಅಂತ ಬರೆದರೆ ಆ ಕಾನೂನು ಯಾರ ಬದುಕನ್ನು ಎಷ್ಟು ಬದಲಾಯಿಸಿತು ಅನ್ನುವುದು ಕಾಣುವುದೇ ಇಲ್ಲ. ಆ ಅರ್ಜಿಯಿಂದ ಸಿಕ್ಕಿದ್ದನ್ನು ಹಿರಿಯರು ಇವತ್ತಿಗೂ ‘ಡಿಕ್ಲರೇಶನ್‌ನಲ್ಲಿ ಸಿಕ್ಕಿದ ಜಾಗ’ ಅನ್ನುತ್ತಾರೆ. ಇಂಗ್ಲಿಷಿನ ಪದ ಊರಿನ ಪದವಾದದ್ದು ಹೀಗೆ. ಸಂದರ್ಶನದಲ್ಲಿ ಯಾರಾದರೂ ಹಾಗೆ ಹೇಳಿದರೆ ದಯವಿಟ್ಟು ತಿದ್ದಬೇಡಿ. ಉದ್ಧರಣೆಯಲ್ಲಿ ಹಾಗೇ ಇಡಿ.

‘ಭೂತ’, ‘ದೈವ’ದ ಪ್ರಶ್ನೆ ಇದಕ್ಕಿಂತ ಸೂಕ್ಷ್ಮ. ಎರಡೂ ತುಳುನಾಡಿನವರು ಆರಾಧಿಸುವ ಶಕ್ತಿಗಳಿಗೆ ಇರುವ ಹೆಸರು. ಬ್ರಿಟಿಷ್ ವಿದ್ವಾಂಸ ಬರ್ನೆಲ್ ಸಂಗ್ರಹಿಸಿದ ತುಳುನಾಡಿನ ಆರಾಧನೆಯ ಪಠ್ಯಗಳು 1894ರಿಂದ ಇಂಗ್ಲಿಷ್ ಪತ್ರಿಕೆಯಲ್ಲಿ ಅಚ್ಚಾದಾಗ ಶೀರ್ಷಿಕೆಯಲ್ಲಿದ್ದ ಪದ ‘ಡೆವಿಲ್’. ಒಂದು ಪದ ಇಡೀ ಆರಾಧನೆಯ ಮೇಲೆ ತೀರ್ಪು ಕೊಟ್ಟಿತು. ‘ಭೂತ’ ನಮ್ಮಲ್ಲಿ ಹಿಂದಿನಿಂದಲೂ ಇರುವ ಪದ. ಹಳೆಯ ಅಧ್ಯಯನಗಳಲ್ಲೂ ‘ಭೂತಾರಾಧನೆ’ ಅಂತಲೇ ಇದೆ. ಆದರೆ ಘಟ್ಟದ ಮೇಲಿನ ಓದುಗರಿಗೆ ಅದು ಪ್ರೇತ ಅಂತ ಕೇಳಿಸುತ್ತದೆ. ‘ದೈವ’ ಅಂದರೆ ಅವರಿಗೆ ದೇವರು, ಇಲ್ಲವೇ ಹಣೆಬರಹ. ಎರಡರಲ್ಲೂ ಗಡಿ ಪೂರ್ತಿ ಹೊಂದುವುದಿಲ್ಲ. ನಾನು ಹೇಳುವುದು ಇಷ್ಟು. ನಿಮ್ಮ ಮಾತಿಗೆ ‘ದೈವ’ ಇಟ್ಟುಕೊಳ್ಳಿ, ಏಕೆಂದರೆ ಆರಾಧಿಸುವವರು ಗೌರವದಿಂದ ಹೇಳುವ ಪದ ಅದು. ಮೊದಲ ಪುಟದಲ್ಲೇ ಅರ್ಥ ಕೊಡಿ. ಹಳೆಯ ವಿದ್ವಾಂಸರ ಮಾತು ಉದ್ಧರಿಸುವಾಗ ಅವರ ‘ಭೂತ’ವನ್ನು ಬದಲಾಯಿಸಬೇಡಿ. ದೈವಗಳಿಗೆ ಸಲ್ಲಿಸುವ ಕೋಲ, ನೇಮ, ತಂಬಿಲ ಇವುಗಳನ್ನು ಒಂದರ ಬದಲು ಒಂದು ಬಳಸಲೂ ಬೇಡಿ. ದೈವದ ವೇಷ ಕಟ್ಟುವವರನ್ನು, ಮನೆಯವರನ್ನು ಕೇಳಿ ಅವರ ಊರಲ್ಲಿ ಯಾವುದಕ್ಕೆ ಏನು ಹೆಸರು ಅಂತ ಬರೆದುಕೊಳ್ಳಿ.

ಮೊದಲು ಹೇಳಿದ ಹುಡುಗಿ ಕೊನೆಗೆ ‘ಅಳಿಯಕಟ್ಟು’ ಅನ್ನೇ ಇಡೀ ಸಂಪ್ರಬಂಧಕ್ಕೆ ಇಟ್ಟುಕೊಂಡಳು. ‘ಮಾತೃವಂಶೀಯ’ ಒಂದೇ ಕಡೆ ಬಂತು, ಬೇರೆ ಊರಿನ ಪದ್ಧತಿಗಳ ಜೊತೆ ಹೋಲಿಸುವಲ್ಲಿ. 1949ರ ಮದ್ರಾಸ್ ಕಾಯ್ದೆಯ ಮಾತು ಬಂದಲ್ಲಿ ಕಾಯ್ದೆಯ ಹೆಸರಿನಲ್ಲೇ ಇರುವ ‘ಅಳಿಯಸಂತಾನ’ವನ್ನು ಹಾಗೇ ಬಿಟ್ಟಳು. ಒಂದೇ ಪದ ಮತ್ತೆ ಮತ್ತೆ ಬಂದರೆ ಚೆಂದ ಇರುವುದಿಲ್ಲ ಅನ್ನುವುದು ಕಥೆಗೆ ಇರಬಹುದು. ವಾದಕ್ಕೆ ಅಲ್ಲ. ಪದ ಬದಲಾದರೆ ವಸ್ತುವೂ ಬದಲಾಯಿತು ಅಂತಲೇ ಓದುಗರು ತಿಳಿಯುತ್ತಾರೆ.

ನಾಲ್ಕು ದಾರಿಯಲ್ಲೂ ಕಾಡುವ ಸಣ್ಣ ಪದಗಳು

ದೊಡ್ಡ ಪದಗಳಿಗೆ ನಾವು ತಲೆ ಕೆಡಿಸಿಕೊಳ್ಳುತ್ತೇವೆ. ಪ್ರಬಂಧ ಮುಗ್ಗರಿಸುವುದು ಕ್ರಿಯಾಪದದಲ್ಲಿ. ಬೇರೆಯವರ ಮಾತು ತರುವಾಗ ‘ಹೇಳುತ್ತಾರೆ’ ಅಂದರೆ ನೀವು ಯಾವ ಪಕ್ಷವೂ ಅಲ್ಲ. ‘ವಾದಿಸುತ್ತಾರೆ’ ಅಂದರೆ ಎದುರು ಮಾತೂ ಇದೆ ಅಂತ. ‘ಅಭಿಪ್ರಾಯಪಡುತ್ತಾರೆ’ ಅಂದರೆ ಅವರು ಪುರಾವೆ ಕೊಟ್ಟಿಲ್ಲ ಅನ್ನುವ ಸೂಚನೆ. ‘ತೋರಿಸಿಕೊಟ್ಟಿದ್ದಾರೆ’ ಅಂದರೆ ನೀವು ಒಪ್ಪಿ ಆಯಿತು. ಒಪ್ಪದಿದ್ದರೆ ಆ ಪದ ಬಳಸಬೇಡಿ. ‘ಎಂದು ಹೇಳಲಾಗುತ್ತದೆ’ ಕಂಡಲ್ಲೆಲ್ಲ ನಾನು ‘ಯಾರು?’ ಅಂತ ಅಂಚಿನಲ್ಲಿ ಬರೆಯುತ್ತೇನೆ.

‘ಬಹುದು’ ಇನ್ನೊಂದು. ‘ನ್ಯಾಯಮಂಡಳಿ ಅರ್ಜಿ ತಿರಸ್ಕರಿಸಬಹುದು’ ಅಂದರೆ ಅಧಿಕಾರ ಇದೆ ಅಂತಲೋ, ಹಾಗಾಗುವ ಸಂಭವ ಇದೆ ಅಂತಲೋ? ಎರಡಕ್ಕೂ ಒಂದೇ ರೂಪ. ನಮ್ಮ ಕರಾವಳಿಯ ಮಾತಿನಲ್ಲಿ ಇದಕ್ಕೆ ಮದ್ದಿದೆ. ‘ಮಳೆ ಬಂದೀತು’, ‘ಅವರು ನಾಳೆ ಬಂದಾರು’ ಅಂತ ದಿನಾ ಹೇಳುತ್ತೇವೆ. ವ್ಯಾಕರಣದಲ್ಲಿ ಇದು ಸಂಭಾವನಾರ್ಥಕ ರೂಪ, ಪ್ರಬಂಧಕ್ಕೂ ಸಲ್ಲುತ್ತದೆ. ಸಂಭವ ಹೇಳಬೇಕಾದಲ್ಲಿ ‘ತಿರಸ್ಕರಿಸೀತು’ ಅನ್ನಿ. ಅಧಿಕಾರವಾದರೆ ‘ತಿರಸ್ಕರಿಸುವ ಅಧಿಕಾರ ಇದೆ’ ಅನ್ನಿ.

ಹಾಗೆಯೇ ‘ಎಲ್ಲ’, ‘ಬಹುಪಾಲು’, ‘ಹಲವು’, ‘ಕೆಲವು’. ‘ಕರಾವಳಿಯವರು ಅಳಿಯಕಟ್ಟಿನವರು’ ಅಂತ ಬರೆದರೆ ಆಸ್ತಿ ಸ್ವಂತ ಮಕ್ಕಳಿಗೆ ಹೋಗುವ ಮಕ್ಕಳಕಟ್ಟಿನ ಬ್ರಾಹ್ಮಣರು ಎಲ್ಲಿ ಹೋದರು? ‘ಬಂಟರು, ಬಿಲ್ಲವರು, ಮೊಗವೀರರು ಮೊದಲಾದ ಹಲವು ಸಮುದಾಯಗಳು’ ಅಂದರೆ ಸರಿಹೋಗುತ್ತದೆ.

ನಿಘಂಟು: ಜೇಬು ನೋಡಿ, ಕೆಲಸ ನೋಡಿ

ಕಾಸು ಖರ್ಚು ಮಾಡಲಾಗದವರಿಗೆ ಮೊದಲು ‘ಅಲರ್’. ವಿ. ಕೃಷ್ಣ ಅವರು ನಾಲ್ಕು ದಶಕ ಕೂತು ಕಟ್ಟಿದ ಕನ್ನಡ–ಇಂಗ್ಲಿಷ್ ನಿಘಂಟು. ಒಂದೂವರೆ ಲಕ್ಷದಷ್ಟು ಪದಗಳಿವೆ, ಮೊಬೈಲಿನಲ್ಲೇ ಉಚಿತವಾಗಿ ನೋಡಬಹುದು. ಬೇಗ ಬೇಕಾದಾಗ ಇದೇ ಸಾಕು. ಕಿಟ್ಟೆಲ್ ನಿಘಂಟು 1894ರಲ್ಲಿ ನಮ್ಮ ಮಂಗಳೂರಿನಲ್ಲೇ, ಬಾಸೆಲ್ ಮಿಷನ್ನಿನಿಂದ ಪ್ರಕಟವಾದದ್ದು. ಹಳೆಯ ಅರ್ಥ, ಗಾದೆ, ಪದದ ಮೂಲ ಬೇಕಾದಾಗ ಅದು ಬಂಗಾರ. ಆದರೆ ಅದು 130 ವರ್ಷ ಹಿಂದಿನ ಕನ್ನಡ. ಇವತ್ತಿನ ಸಮಾಜಶಾಸ್ತ್ರದ ಪದ ಅಲ್ಲಿ ಹುಡುಕಬೇಡಿ.

ಪದದ ಅರ್ಥ ಕಾಲದಿಂದ ಕಾಲಕ್ಕೆ ಹೇಗೆ ಬದಲಾಯಿತು ಅಂತ ಬೇಕಾದರೆ ಕನ್ನಡ ಸಾಹಿತ್ಯ ಪರಿಷತ್ತಿನ 8 ಸಂಪುಟಗಳೇ ಗತಿ. ಶಾಸನ, ಕಾವ್ಯಗಳಿಂದ ಉದಾಹರಣೆ ಸಮೇತ ಅರ್ಥ ಇದೆ. ಕೊಳ್ಳುವ ಅಗತ್ಯ ಇಲ್ಲ, ಗ್ರಂಥಾಲಯದಲ್ಲಿ ಅರ್ಧ ದಿನ ಕೂತರೆ ನಿಮಗೆ ಬೇಕಾದ ಹತ್ತು ಪದ ಮುಗಿಯುತ್ತದೆ. ಊರಿನ ಪದಕ್ಕೆ ಉಡುಪಿಯ ಎಂಜಿಎಂ ಕಾಲೇಜಿನ ಗೋವಿಂದ ಪೈ ಸಂಶೋಧನ ಕೇಂದ್ರ ತಂದ 6 ಸಂಪುಟಗಳ ತುಳು ನಿಘಂಟು ಇದೆ. ದೈವ, ಬೇಸಾಯ, ಮೀನುಗಾರಿಕೆಯ ಬಗ್ಗೆ ಬರೆಯುವವರು ಇದನ್ನು ನೋಡದೆ ಪ್ರಬಂಧ ಕೊಡಬಾರದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ನಿಮಗೆ ಯಾವುದು?

ಪಿಯುಸಿ ಅಥವಾ ಪದವಿ ಪರೀಕ್ಷೆಗೆ ಬರೆಯುವವರಿಗೆ ಸಮಯವೇ ಇರುವುದಿಲ್ಲ. ಪಠ್ಯಪುಸ್ತಕದ ಸಂಸ್ಕೃತ ಪದವನ್ನೇ ಹಿಡಿಯಿರಿ, ಮೌಲ್ಯಮಾಪಕರು ಹುಡುಕುವುದು ಅದನ್ನೇ. ಪಕ್ಕದಲ್ಲಿ ಒಂದು ಸಾಲು ಸರಳ ಕನ್ನಡ ಇರಲಿ, ನಿಮಗೆ ಅರ್ಥವಾಗಿದೆ ಅಂತ ಗೊತ್ತಾಗುತ್ತದೆ.

ಚರ್ಚಾಸ್ಪರ್ಧೆಗೆ ಹೋಗುವವರು ಅಚ್ಚಗನ್ನಡದ ಕಡೆ ವಾಲಬೇಕು. ಕೇಳುವವರು ಹಿಂದಿನ ಪುಟ ತಿರುವಿ ನೋಡಲಾರರು. ‘ಒಡೆತನ’ ಒಮ್ಮೆ ಕೇಳಿದರೆ ಸಾಕು, ‘ಸ್ವಾಮ್ಯತ್ವ’ ಎರಡು ಸಲ ಕೇಳಿದರೂ ತಡೆಯುತ್ತದೆ.

ಸಂಪ್ರಬಂಧ, ಮಹಾಪ್ರಬಂಧ ಬರೆಯುವವರಿಗೆ ನನ್ನ ಆಯ್ಕೆ, ಕ್ಷೇತ್ರಕ್ಕೆ ಊರಿನ ಪದ, ವಿಶ್ಲೇಷಣೆಗೆ ಸಂಸ್ಕೃತದ ಪದ. ಎರಡೂ ಸೇರುವಲ್ಲಿ ಸೇತುವೆ ಬೇಕು. ಅದಕ್ಕೆ ಮೊದಲ ಅಧ್ಯಾಯದಲ್ಲೇ ಹದಿನೈದು ಇಪ್ಪತ್ತು ಪದಗಳಿಗೆ ನೀವು ಕೊಡುವ ಅರ್ಥವನ್ನು ಬರೆದಿಡಿ. ವಾರಗಟ್ಟಲೆ ಹಿಡಿಯುವ ಕೆಲಸ ಇದು. ಆದರೆ ಮೌಖಿಕ ಪರೀಕ್ಷೆಯ ದಿನ ನಿಮ್ಮ ಕೈಯಲ್ಲಿರುವುದು ಆ ಎರಡು ಪುಟವೇ.

ಇಂಗ್ಲಿಷ್ ಮಾಧ್ಯಮದಲ್ಲಿ ಓದಿ ಮೊದಲ ಸಲ ಕನ್ನಡದಲ್ಲಿ ಬರೆಯುವವರು ಹೆದರುವುದು ಬೇಡ. ಮೊದಲ ಕರಡಿನಲ್ಲಿ ಇಂಗ್ಲಿಷ್ ಪದ ಬಂದರೆ ಬರಲಿ, ಕನ್ನಡ ಲಿಪಿಯಲ್ಲೇ ಬರೆದಿಡಿ. ಎರಡನೇ ಸಲ ಕೂತಾಗ ವಸ್ತುಗಳ ಹೆಸರು ಮುಟ್ಟಬೇಡಿ, ವಿಚಾರದ ಪದಗಳಿಗೆ ಮಾತ್ರ ಗೆರೆ ಹಾಕಿ. ನಿಮ್ಮ ‘ಟ್ರಾಲಿಂಗ್‌ನ ಇಂಪ್ಯಾಕ್ಟ್ ಫಿಶರ್‌ಮೆನ್ ಕಮ್ಯುನಿಟಿ ಮೇಲೆ ನೆಗೆಟಿವ್ ಆಗಿದೆ’ ಅನ್ನುವ ಸಾಲನ್ನು ಅಜ್ಜಿಗೆ ಹೇಳುವ ಹಾಗೆ ಹೇಳಿ ನೋಡಿ. ‘ಟ್ರಾಲ್ ಬೋಟುಗಳು ಬಂದ ಮೇಲೆ ನಾಡದೋಣಿಯವರಿಗೆ ದಡದ ಹತ್ತಿರ ಮೀನು ಸಿಗುವುದು ಕಡಿಮೆಯಾಯಿತು’ ಅಂತ ಬರುತ್ತದೆ. ಆಮೇಲೆ ‘ಬಂದ ಮೇಲೆ’ ಅನ್ನುವ ಎರಡು ಪದಕ್ಕೆ ಗೆರೆ ಹಾಕಿ. ಬೋಟು ಬಂದದ್ದರಿಂದಲೇ ಕಡಿಮೆಯಾಯಿತೋ, ಬಂದ ನಂತರ ಕಡಿಮೆಯಾಯಿತೋ? ಅದಕ್ಕೆ ಉತ್ತರ ಹುಡುಕಿ ಮಲ್ಪೆಗೆ ಒಂದು ಸಲ ಹೋಗಿಬನ್ನಿ. ನಾಡದೋಣಿಯವರನ್ನೂ ಕೇಳಿ, ಬೋಟಿನವರನ್ನೂ ಕೇಳಿ.